ಮಗ ಓಡಿಸುವ ಕಾರು, ಅಪ್ಪನ ಹೆಸರಿನ ಇನ್ಶೂರೆನ್ಸ್

(ಬ್ರಿಟನ್ನಿನ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಈಗ 16, 17ರ ಮಕ್ಕಳಿದ್ದಾರೆ. 15 ವರ್ಷ 9 ತಿಂಗಳಾದ ಕೂಡಲೇ ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿಬಿಡುತ್ತಾರೆ. 17 ತುಂಬುತ್ತಿದ್ದಂತೆ ಪಾಠ ಶುರು. ಟೆಸ್ಟ್ ಪಾಸಾದ ಮೇಲೆ ನೀವು ಒಂದು ಹಳೇ ಚಿಕ್ಕ ಕಾರು ನೋಡಿಟ್ಟುಕೊಂಡು ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೇಳುತ್ತೀರಿ. ಕಾರಿಗೆ 2,000 ಪೌಂಡ್, ಇನ್ಶೂರೆನ್ಸಿಗೆ ಅದಕ್ಕಿಂತ ಜಾಸ್ತಿ! ಆಗ ನನಗೆ ಫೋನ್ ಬರುತ್ತದೆ. "ಏನ್ರೀ ಇದು, ಹಗಲು ದರೋಡೆ ಅಲ್ವಾ?"

ನಾನು ಕಾರು ಇನ್ಶೂರೆನ್ಸಿನ ದರ ಲೆಕ್ಕ ಹಾಕುವ ಕೆಲಸದಲ್ಲಿರುವವನು. ಈ ದರ ಎಲ್ಲಿಂದ ಬರುತ್ತದೆ, ನಿಯತ್ತಾಗಿ ಅದನ್ನು ಎಷ್ಟು ಇಳಿಸಬಹುದು ಅಂತ ಇವತ್ತು ಹೇಳುತ್ತೇನೆ. ಜೊತೆಗೆ, ಬಹಳಷ್ಟು ಅಪ್ಪ ಅಮ್ಮಂದಿರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಒಂದು ಕೆಲಸ ಇದೆ. ಅದನ್ನು ಮಾತ್ರ ಮಾಡಬೇಡಿ ಅಂತ ಕೇಳಿಕೊಳ್ಳಲು ಬಂದಿದ್ದೇನೆ.

ಮೊದಲು ನಮ್ಮೂರಿನ ಅಭ್ಯಾಸದ ಬಗ್ಗೆ. ಕರ್ನಾಟಕದಲ್ಲಿ ನೀವು ಕಾರಿಗೆ ಇನ್ಶೂರೆನ್ಸ್ ಮಾಡಿಸುವಾಗ ಏನೇನು ಕೇಳುತ್ತಿದ್ದರು, ನೆನಪು ಮಾಡಿಕೊಳ್ಳಿ. ಎಂಜಿನ್ ಎಷ್ಟು ಸಿಸಿ, ಗಾಡಿ ಎಷ್ಟು ವರ್ಷದ್ದು, ಈಗಿನ ಬೆಲೆ ಎಷ್ಟು, ಎಲ್ಲಿ ರಿಜಿಸ್ಟರ್ ಆಗಿದೆ, ಹಿಂದಿನ ವರ್ಷ ಕ್ಲೇಮ್ ಇತ್ತಾ. ಹೆಚ್ಚು ಕಡಿಮೆ ಇಷ್ಟೇ. ಥರ್ಡ್ ಪಾರ್ಟಿ ಭಾಗದ ದರವನ್ನಂತೂ ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಓಡಿಸುವವನಿಗೆ 18 ಆಗಿರಲಿ, 58 ಆಗಿರಲಿ, ಅಷ್ಟೇ. ಹಾಗಾಗಿ ಮನೆಯ ಕಾರನ್ನು ಅಪ್ಪ ಓಡಿಸುತ್ತಾರೆ, ಚಿಕ್ಕಪ್ಪ ಓಡಿಸುತ್ತಾರೆ, ಮದುವೆಗೆ ಹೋಗುವಾಗ ಪಕ್ಕದ ಮನೆ ಹುಡುಗ ಓಡಿಸುತ್ತಾನೆ. ಲೈಸೆನ್ಸ್ ಇದ್ದರೆ ಸಾಕು. ಅಲ್ಲಿ ಇನ್ಶೂರೆನ್ಸ್ ಇರುವುದು ಗಾಡಿಗೆ.

ಇಲ್ಲಿ ಹಾಗಲ್ಲ. ಇಲ್ಲಿ ಮುಖ್ಯವಾಗಿ ನೋಡುವುದು ಓಡಿಸುವ ಮನುಷ್ಯನನ್ನು. ಸಾಮಾನ್ಯವಾಗಿ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಓಡಿಸಬಹುದು. ನಿಮ್ಮ ಮನೆ ಮುಂದೆ ನಿಂತ ನಿಮ್ಮದೇ ಕಾರನ್ನು ಹೆಸರಿಲ್ಲದ ಮಗಳು ಬೀದಿ ತುದಿಯ ಅಂಗಡಿಯವರೆಗೆ ಓಡಿಸಿದರೂ ಅದು ಇನ್ಶೂರೆನ್ಸ್ ಇಲ್ಲದ ಓಡಾಟವೇ. ಈ ವ್ಯತ್ಯಾಸ ತಲೆಗೆ ಹತ್ತದೇ ಇರುವುದರಿಂದಲೇ ನಮ್ಮ ಜನ ಎಡವುವುದು.

ಇದರ ಬಿಸಿ ನಿಮಗೂ ಒಮ್ಮೆ ತಟ್ಟಿರಬೇಕು. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿ ಬಂದವರು ಇಲ್ಲಿ ಕಾರು ಕೊಂಡಾಗ ಕೋಟ್, ಅಂದರೆ ಕಂಪನಿ ಹೇಳಿದ ದರ, ನೋಡಿ ಬೆಚ್ಚಿದ್ದು ನೆನಪಿದೆಯಾ? ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದು, ಆದರೆ ಅದನ್ನು ಕೊಟ್ಟು ಇಲ್ಲಿನ ಲೈಸೆನ್ಸ್ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ಥಿಯರಿ, ಮತ್ತೆ ಟೆಸ್ಟ್. ಅಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ಸನ್ನು, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯನ್ನು, ಬಹಳ ಕಂಪನಿಗಳು ಒಪ್ಪುವುದಿಲ್ಲ. ಅವರ ಕಡತದಲ್ಲಿ ನಿಮ್ಮ ಚರಿತ್ರೆಯ ಪುಟ ಖಾಲಿ. ನಿಮ್ಮ 17ರ ಮಗನದ್ದೂ ಹಾಗೇ ಖಾಲಿ, ಜೊತೆಗೆ ವಯಸ್ಸೂ ಚಿಕ್ಕದು.

ಈಗ ದರ ಯಾಕೆ ಇಷ್ಟು ಅನ್ನುವುದಕ್ಕೆ ಬರೋಣ. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವವರಲ್ಲಿ 17ರಿಂದ 24ರ ವಯಸ್ಸಿನವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದರೆ ಕಾರು ಅಪಘಾತಗಳಲ್ಲಿ ಸತ್ತವರು, ಗಂಭೀರವಾಗಿ ಗಾಯಗೊಂಡವರನ್ನು ಲೆಕ್ಕ ಹಾಕಿದರೆ ಸುಮಾರು ಐದರಲ್ಲಿ ಒಬ್ಬರು ಈ ವಯಸ್ಸಿನ ಚಾಲಕರು ಸೇರಿದ್ದ ಅಪಘಾತದಲ್ಲೇ ಇರುತ್ತಾರೆ. ಎಲ್ಲ ಸಲ ತಪ್ಪು ಆ ಹುಡುಗರದ್ದೇ ಅಂತಲ್ಲ. ಆದರೂ ಅಂತರ ದೊಡ್ಡದು.

ಇದರಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು ವಯಸ್ಸು, ಇನ್ನೊಂದು ಅನುಭವ. 40ಕ್ಕೆ ಕಲಿತವರೂ ಮೊದಲ ವರ್ಷ ತಡವರಿಸುತ್ತಾರೆ. ಆದರೆ ರಾತ್ರಿ ಹನ್ನೊಂದೂವರೆಗೆ ಮೂರು ಜನ ಗೆಳೆಯರನ್ನು ಹತ್ತಿಸಿಕೊಂಡು, ಹಾಡು ಹಾಕಿಕೊಂಡು, ಹಳ್ಳಿ ಕಡೆಯ ತಿರುವು ರಸ್ತೆಯಲ್ಲಿ ಹೋಗುವುದು 40ರವರಲ್ಲಿ ಅಪರೂಪ. ಇಲ್ಲಿನ ಹಳ್ಳಿ ರಸ್ತೆಗಳಿಗೆ 60 ಮೈಲಿ ಮಿತಿ, ಎರಡೂ ಕಡೆ ಬೇಲಿ, ಎದುರು ಬರುವುದು ಕಾಣುವುದಿಲ್ಲ. ಹೊಸಬರಿಗೆ ಮೋಟಾರ್‌ವೇಗಿಂತ ಅವೇ ಅಪಾಯ.

ಆ ಮೂರು ಜನ ಗೆಳೆಯರ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದರದ ಗುಟ್ಟು ಅಲ್ಲೇ ಇದೆ. ಎಲ್ಲರೂ ಅಂದುಕೊಳ್ಳುವುದು, "ಕಾರೇ 2,000 ಪೌಂಡ್, ಪೂರಾ ನುಜ್ಜುಗುಜ್ಜಾದರೂ ಅಷ್ಟೇ ತಾನೇ ಕೊಡಬೇಕು?" ಅಂತ. ಕಾರಿನ ಬೆಲೆ ಈ ಲೆಕ್ಕದಲ್ಲಿ ಬಹಳ ಸಣ್ಣ ಭಾಗ. ಈ ದೇಶದಲ್ಲಿ 1930ರ ರಸ್ತೆ ಸಂಚಾರ ಕಾಯ್ದೆಯಿಂದಲೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಮನುಷ್ಯರಿಗೆ ಆದ ಗಾಯಕ್ಕೆ ಕೊಡುವ ಪರಿಹಾರಕ್ಕೆ ಈಗ ಮಿತಿಯೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತ 18ರ ಹುಡುಗಿಗೆ ಬೆನ್ನುಹುರಿ ಪೆಟ್ಟಾಯಿತು ಅಂದುಕೊಳ್ಳಿ. ಅವಳು ಇನ್ನೂ ಅರವತ್ತು ವರ್ಷ ಬದುಕಬೇಕು. ನೋಡಿಕೊಳ್ಳಲು ಹಗಲೂ ರಾತ್ರಿ ಜನ ಬೇಕು, ಮನೆ ಬದಲಾಯಿಸಬೇಕು, ದುಡಿಮೆ ಹೋಯಿತು. ಇಂಥ ಒಂದು ಪ್ರಕರಣಕ್ಕೆ ಹತ್ತಾರು ಲಕ್ಷ ಪೌಂಡ್ ಆಗುತ್ತದೆ.

ಆ ಹಣವನ್ನು ಒಟ್ಟಿಗೆ ಕೊಡುವಾಗ ಇನ್ನೊಂದು ಲೆಕ್ಕ ಬರುತ್ತದೆ. ಇವತ್ತು ಕೊಟ್ಟ ದುಡ್ಡನ್ನು ಅವರು ಎಲ್ಲಾದರೂ ಹಾಕಿದರೆ ಎಷ್ಟು ಬೆಳೆಯುತ್ತದೆ ಅಂತ ಸರ್ಕಾರ ಒಂದು ದರ ಗೊತ್ತು ಮಾಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರವರೆಗೆ ಅದು ಶೇಕಡಾ 2.5 ಇತ್ತು. 2017ರಲ್ಲಿ ಮೈನಸ್ 0.75ಕ್ಕೆ ಇಳಿಸಿದರು. ಅಂದರೆ ದುಡ್ಡು ಬೆಳೆಯುವುದಿಲ್ಲ, ಬೆಲೆ ಏರಿಕೆ ಮುಂದೆ ಕರಗುತ್ತದೆ, ಆದ್ದರಿಂದ ಈಗಲೇ ಜಾಸ್ತಿ ಕೊಡಿ ಅಂತ. 2019ರಲ್ಲಿ ಮೈನಸ್ 0.25 ಆಯಿತು. 2025ರ ಜನವರಿಯಲ್ಲಿ ಪ್ಲಸ್ 0.5 ಆಗಿದೆ. ಹತ್ತು ವರ್ಷದ ಆರೈಕೆಗೆ ಈ ದರ ಅಷ್ಟೇನೂ ವ್ಯತ್ಯಾಸ ಮಾಡುವುದಿಲ್ಲ. ಅರವತ್ತು ವರ್ಷದ ಆರೈಕೆಗೆ ಮೊತ್ತವೇ ಬದಲಾಗಿ ಹೋಗುತ್ತದೆ. ಹುಡುಗರ ಕಾರಲ್ಲಿ ಕೂರುವುದು ಹುಡುಗರೇ ಅಲ್ವಾ? ಅದಕ್ಕೇ ಈ ಏರಿಳಿತದ ಹೊರೆ ಅವರ ಪ್ರೀಮಿಯಂ ಮೇಲೆ ಬೀಳುವುದು.

ಆದ್ದರಿಂದ ಇದನ್ನು ಹಗಲು ದರೋಡೆ ಅಂತ ನಾನು ಒಪ್ಪುವುದಿಲ್ಲ. ಆದರೆ ಅನ್ಯಾಯ ಇಲ್ಲವೇ ಇಲ್ಲ ಅಂತಲೂ ಹೇಳುವುದಿಲ್ಲ. "ನನ್ನ ಮಗ ಹಾಗಲ್ಲ, ಬಹಳ ಜೋಪಾನ" ಅಂತ ನೀವು ಹೇಳುವುದು ನಿಜವೇ ಇರಬಹುದು. ಕಂಪನಿಗೆ ಅದು ಗೊತ್ತಿಲ್ಲ. ಗೊತ್ತಾಗುವವರೆಗೆ ನಿಮ್ಮ ಜೋಪಾನದ ಮಗ ಇನ್ನೊಬ್ಬರ ಅಜಾಗ್ರತೆಯ ಮಗನ ಹೊರೆಯನ್ನೂ ಹೊರುತ್ತಾನೆ. ಮೊದಲು ಹೆಣ್ಣುಮಕ್ಕಳಿಗೆ ದರ ಗಮನಾರ್ಹವಾಗಿ ಕಡಿಮೆ ಇತ್ತು, ಏಕೆಂದರೆ ಅವರಿಂದ ದೊಡ್ಡ ಅಪಘಾತ ಕಡಿಮೆ. ಗಂಡು ಹೆಣ್ಣು ಅಂತ ದರ ಬೇರೆ ಮಾಡಬಾರದು ಅಂತ ಯುರೋಪಿನ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು. 2012ರ ಡಿಸೆಂಬರ್ 21ರಿಂದ ಅದು ನಿಂತಿತು. ವಯಸ್ಸು ನೋಡಿ ದರ ಹಾಕಲು ಮಾತ್ರ ಇನ್ನೂ ಅವಕಾಶ ಇದೆ.

ನನಗೆ ನಿಜಕ್ಕೂ ಬೇಜಾರಾಗುವುದು ತೆರಿಗೆಯ ವಿಷಯದಲ್ಲಿ. ಪ್ರೀಮಿಯಂ ಮೇಲೆ ಶೇಕಡಾ 12 ತೆರಿಗೆ ಇದೆ, 2017ರ ಜೂನ್‌ನಿಂದ. ಕಂಪನಿಯ ದರ 1,800 ಪೌಂಡ್ ಇದ್ದರೆ ಅದರ ಮೇಲೆ 216 ಪೌಂಡ್ ಸರ್ಕಾರಕ್ಕೆ. ಕಾನೂನೇ ಕಡ್ಡಾಯ ಮಾಡಿರುವ ವಸ್ತು ಅದು. ಅದಕ್ಕೆ ಎಲ್ಲರಿಗಿಂತ ಜಾಸ್ತಿ ತೆರಿಗೆ ಕಟ್ಟುತ್ತಿರುವುದು ಅಪ್ರೆಂಟಿಸ್ ಸಂಬಳದ ಹುಡುಗ, ಬಸ್ಸಿಲ್ಲದ ಊರಿನಿಂದ ಕೆಲಸಕ್ಕೆ ಹೋಗುವ ಹುಡುಗಿ. ಇದು ಸರಿಯಲ್ಲ. ಹೊಸ ಚಾಲಕರಿಗೆ ಮೊದಲ ಎರಡು ವರ್ಷವಾದರೂ ಈ ತೆರಿಗೆ ಇಳಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಆ ಮಾಡಬಾರದ ಕೆಲಸ. ಕಂಪ್ಯೂಟರ್ ಮುಂದೆ ಕೂತು ದರ ಹೋಲಿಸುವ ಸೈಟಿನಲ್ಲಿ ಫಾರ್ಮ್ ತುಂಬುತ್ತಿದ್ದೀರಿ. ಮಗನ ವಿವರ ಹಾಕಿದಿರಿ, 2,300 ಪೌಂಡ್ ಅಂತ ಬಂತು. ಹೆಚ್ಚುವರಿ ಚಾಲಕ ಅಂತ ನಿಮ್ಮ ಹೆಸರು ಸೇರಿಸಿದಿರಿ, 1,900ಕ್ಕೆ ಇಳಿಯಿತು. ಇಲ್ಲಿಯವರೆಗೆ ಏನೂ ತಪ್ಪಿಲ್ಲ, ನೀವೂ ಆಗಾಗ ಆ ಕಾರು ಓಡಿಸುವುದು ನಿಜವಾದರೆ. ಆಮೇಲೆ ಒಂದು ಪ್ರಶ್ನೆ ಕಣ್ಣಿಗೆ ಬೀಳುತ್ತದೆ: "ಈ ಕಾರನ್ನು ಹೆಚ್ಚಾಗಿ ಓಡಿಸುವವರು ಯಾರು?" ಅಲ್ಲಿ ಮಗನ ಹೆಸರು ತೆಗೆದು ನಿಮ್ಮ ಹೆಸರು ಆರಿಸಿದರೆ 900ಕ್ಕೆ ಬಂದು ನಿಲ್ಲುತ್ತದೆ. ಈ ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಆದರೆ ಇಳಿಯುವ ರೀತಿ ಹೀಗೇ. ಒಂದು ಕ್ಲಿಕ್, ಸಾವಿರ ಪೌಂಡ್ ಉಳಿತಾಯ. ಊರಿನ ಅಭ್ಯಾಸದಲ್ಲಿ ಇದು ತಪ್ಪು ಅಂತಲೇ ಅನ್ನಿಸುವುದಿಲ್ಲ. ಕಾರು ನನ್ನದು, ದುಡ್ಡು ನನ್ನದು, ನನ್ನ ಹೆಸರಲ್ಲಿದ್ದರೆ ಏನಂತೆ? ಇಲ್ಲಿ ಇದಕ್ಕೆ ಫ್ರಂಟಿಂಗ್ ಅನ್ನುತ್ತಾರೆ. ಇದು ವಂಚನೆ.

"ಅವರಿಗೆ ಹೇಗೆ ಗೊತ್ತಾಗುತ್ತದೆ?" ಅಂತ ಕೇಳುತ್ತೀರಿ. ಕೊಳ್ಳುವ ದಿನ ಗೊತ್ತಾಗುವುದಿಲ್ಲ, ಕ್ಲೇಮ್ ಬಂದ ದಿನ ಗೊತ್ತಾಗುತ್ತದೆ. ಕ್ಲೇಮ್ ನೋಡುವವರು ಬಹಳ ಸಾಧಾರಣ ಪ್ರಶ್ನೆ ಕೇಳುತ್ತಾರೆ. ಅಪಘಾತ ಎಲ್ಲಾಯಿತು? ಕಾಲೇಜಿನ ಹತ್ತಿರ. ಎಷ್ಟು ಹೊತ್ತಿಗೆ? ಬೆಳಿಗ್ಗೆ ಎಂಟೂ ಮುಕ್ಕಾಲಿಗೆ. ನೀವು ಆಗ ಎಲ್ಲಿದ್ದಿರಿ? ಆಫೀಸಿನಲ್ಲಿ. ಹೇಗೆ ಹೋದಿರಿ? ಇನ್ನೊಂದು ಕಾರಿನಲ್ಲಿ. ಆ ಕಾರಿನ ಪಾಲಿಸಿಯಲ್ಲೂ ಮುಖ್ಯ ಚಾಲಕ ನೀವೇನಾ? ಹೌದು. ಇಷ್ಟು ಸಾಕು. ದಿನಾ ಎರಡು ಕಾರನ್ನು ಒಬ್ಬರೇ ಓಡಿಸಲು ಆಗುವುದಿಲ್ಲವಲ್ಲ.

ಆಮೇಲೆ ಏನಾಗುತ್ತದೆ? 2012ರಲ್ಲಿ ಬಂದ ಗ್ರಾಹಕ ವಿಮಾ ಕಾಯ್ದೆ ಎರಡು ಬಗೆಯ ತಪ್ಪು ಮಾಹಿತಿಯನ್ನು ಬೇರೆ ಮಾಡುತ್ತದೆ. ಗಮನ ಕೊಡದೆ ತಪ್ಪಿದ್ದರೆ, ನೀವು ಕಟ್ಟಬೇಕಿದ್ದುದರಲ್ಲಿ ಎಷ್ಟು ಪಾಲು ಕಟ್ಟಿದ್ದೀರೋ ಅಷ್ಟು ಪಾಲಿನ ಕ್ಲೇಮ್ ಮಾತ್ರ ಕೊಡಬಹುದು. ಬೇಕೆಂದೇ ತಪ್ಪು ಹೇಳಿದ್ದರೆ ಪಾಲಿಸಿಯನ್ನೇ ರದ್ದು ಮಾಡಿ, ಕ್ಲೇಮ್ ಕೊಡದೆ, ಕಟ್ಟಿದ ಪ್ರೀಮಿಯಂ ಕೂಡ ಇಟ್ಟುಕೊಳ್ಳಬಹುದು. ಗಾಯಗೊಂಡ ಎದುರಿನವರಿಗೆ ಕಂಪನಿ ಪರಿಹಾರ ಕೊಡಲೇಬೇಕಾಗುತ್ತದೆ, 1988ರ ರಸ್ತೆ ಸಂಚಾರ ಕಾಯ್ದೆ ಬಿಡುವುದಿಲ್ಲ. ಆದರೆ ಕೊಟ್ಟದ್ದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ನಾನು ಆಗ ಹೇಳಿದ ಬೆನ್ನುಹುರಿಯ ಲೆಕ್ಕ ಇಟ್ಟುಕೊಂಡು ಯೋಚಿಸಿ. ಮನೆ, ಉಳಿತಾಯ, ಎಲ್ಲದರ ಪ್ರಶ್ನೆ ಅದು.

ಇಷ್ಟಕ್ಕೇ ಮುಗಿಯುವುದಿಲ್ಲ. ಅನುಮಾನ ಬಂದು ಕಂಪನಿ ಪಾಲಿಸಿ ರದ್ದು ಮಾಡಿತು ಅಂದುಕೊಳ್ಳಿ. ಪತ್ರ ನಿಮ್ಮ ಈಮೇಲಿಗೆ ಬರುತ್ತದೆ, ನೀವು ನೋಡುವುದಿಲ್ಲ. ಮಗ ಎಂದಿನಂತೆ ಕಾರು ತೆಗೆದುಕೊಂಡು ಹೋಗುತ್ತಾನೆ. ರಸ್ತೆಯ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದಿ ಇನ್ಶೂರೆನ್ಸ್ ದಾಖಲೆಯ ಜೊತೆ ತಾಳೆ ನೋಡುತ್ತವೆ. ಪೊಲೀಸರು ನಿಲ್ಲಿಸುತ್ತಾರೆ. 300 ಪೌಂಡ್ ದಂಡ, ಲೈಸೆನ್ಸಿಗೆ 6 ತಪ್ಪಿನ ಪಾಯಿಂಟ್, ಕಾರು ಅಲ್ಲೇ ಜಪ್ತಿ. ನಮಗೆ 6 ಪಾಯಿಂಟ್ ಅಂದರೆ ಅರ್ಧ ದಾರಿ, 12 ಆದರೆ ತೊಂದರೆ. ಮಗನಿಗೆ ಹಾಗಲ್ಲ. 1995ರ ಹೊಸ ಚಾಲಕರ ಕಾಯ್ದೆಯ ಪ್ರಕಾರ ಟೆಸ್ಟ್ ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು. ಮತ್ತೆ ಪ್ರೊವಿಷನಲ್, ಮತ್ತೆ ಥಿಯರಿ, ಮತ್ತೆ ಟೆಸ್ಟ್. ಆಮೇಲೆ ಇನ್ಶೂರೆನ್ಸ್ ಕೇಳಲು ಹೋದಾಗ "ನಿಮ್ಮ ಪಾಲಿಸಿ ಯಾರಾದರೂ ರದ್ದು ಮಾಡಿದ್ದಾರಾ?" ಅನ್ನುವ ಪ್ರಶ್ನೆ ನಿಮ್ಮಿಬ್ಬರಿಗೂ ಕಾದಿರುತ್ತದೆ.

ಇನ್ನೂ ಒಂದು ನಷ್ಟ ಇದೆ, ಅದು ಸಿಕ್ಕಿಬೀಳದಿದ್ದರೂ ಆಗುವಂಥದ್ದು. ನಿಮ್ಮ ಹೆಸರಲ್ಲಿ ಪಾಲಿಸಿ ಇದ್ದರೆ ನೋ ಕ್ಲೇಮ್ ಬೋನಸ್ ಬೆಳೆಯುವುದು ನಿಮಗೆ. ಮೂರು ವರ್ಷ ಗೀರು ಬೀಳದಂತೆ ಓಡಿಸಿದ ಮಗ 20ನೇ ವಯಸ್ಸಿನಲ್ಲಿ ಸ್ವಂತ ಪಾಲಿಸಿ ಕೇಳಿದರೆ ಅವನ ಪುಟ ಇನ್ನೂ ಖಾಲಿ. ಆ ಸಾವಿರ ಪೌಂಡ್ ಉಳಿಯಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಮೊದಲ ವರ್ಷ ಮಕ್ಕಳ ಹೆಸರಿನಲ್ಲೇ ಮಾಡಿಸಿ, ಹಲ್ಲು ಕಚ್ಚಿ ಕಟ್ಟಿ. ಅಪಘಾತವಿಲ್ಲದೆ ಒಂದು ವರ್ಷ ಕಳೆದರೆ ಎರಡನೇ ವರ್ಷ ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ.

ಹಾಗಾದರೆ ನಿಯತ್ತಾಗಿ ಇಳಿಸುವುದು ಹೇಗೆ? ನನ್ನ ಪ್ರಕಾರ ಮೊದಲ ಸ್ಥಾನ ಬ್ಲ್ಯಾಕ್ ಬಾಕ್ಸಿಗೆ. ಕಾರಿನಲ್ಲಿ ಒಂದು ಚಿಕ್ಕ ಪೆಟ್ಟಿಗೆ ಕೂರಿಸುತ್ತಾರೆ, ಅಥವಾ ಫೋನಿನಲ್ಲಿ ಆ್ಯಪ್ ಹಾಕಿಸುತ್ತಾರೆ. ವೇಗ ಎಷ್ಟು, ಬ್ರೇಕ್ ಎಷ್ಟು ಜೋರಾಗಿ ಒತ್ತಿದರು, ತಿರುವು ಹೇಗೆ ತೆಗೆದುಕೊಂಡರು, ಎಷ್ಟು ಹೊತ್ತಿನಲ್ಲಿ ಓಡಿಸಿದರು ಅನ್ನುವುದೆಲ್ಲ ದಾಖಲಾಗುತ್ತದೆ. ವಾರದ ವರದಿ ತೆರೆದರೆ ಹೀಗಿರುತ್ತದೆ: ಮಂಗಳವಾರ ಸಂಜೆ 5.20, ರೌಂಡ್‌ಅಬೌಟ್ ಹತ್ತಿರ ಜೋರು ಬ್ರೇಕ್. ಶನಿವಾರ ರಾತ್ರಿ 11.40, 30ರ ರಸ್ತೆಯಲ್ಲಿ 41. ಮಕ್ಕಳಿಗೆ ಇದು ಕಾವಲು ಕೂರಿಸಿದಂತೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಆಗ ಹೇಳಿದೆನಲ್ಲ, ನಿಮ್ಮ ಮಗ ಜೋಪಾನ ಅಂತ ಕಂಪನಿಗೆ ಗೊತ್ತಿಲ್ಲ ಅಂತ. ಅದನ್ನು ಗೊತ್ತು ಮಾಡಿಸಲು ಮೊದಲ ವರ್ಷದಲ್ಲೇ ಇರುವ ದಾರಿ ಇದು. ಅಂಕ ತೀರಾ ಕೆಟ್ಟರೆ ದರ ಏರಿಸುವ, ಪಾಲಿಸಿ ರದ್ದು ಮಾಡುವ ಕಂಪನಿಗಳೂ ಇವೆ. ಆದ್ದರಿಂದ ಷರತ್ತು ಓದಿ. ಆ್ಯಪ್ ಆದರೆ ಗೆಳೆಯನ ಕಾರಿನಲ್ಲಿ ಕೂತು ಹೋದದ್ದನ್ನೂ ನಿಮ್ಮ ಮಗನ ಲೆಕ್ಕಕ್ಕೆ ಹಾಕುತ್ತದಾ, ಹಾಕಿದರೆ ತಿದ್ದಿಸುವುದು ಹೇಗೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಆ ವರದಿಯನ್ನು ಮಗನ ಜೊತೆ ಕೂತು ನೋಡಿ. ಬಯ್ಯಬೇಡಿ. "ಆ ರೌಂಡ್‌ಅಬೌಟ್ ಹತ್ತಿರ ಏನಾಯ್ತಪ್ಪಾ?" ಅಂತ ಕೇಳಿ ಸಾಕು, ಅವನೇ ಹೇಳುತ್ತಾನೆ.

ಎರಡನೆಯದು ಕಾರಿನ ಆಯ್ಕೆ. ಇಲ್ಲಿ ಬಹಳಷ್ಟು ಕಾರುಗಳಿಗೆ 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪು ಕೊಟ್ಟಿದ್ದಾರೆ. ಹ್ಯುಂಡೈ ಐ10, ಕಿಯಾ ಪಿಕಾಂಟೊ, ಫೋಕ್ಸ್‌ವ್ಯಾಗನ್ ಅಪ್ ಥರದವು ಕೆಳಗಿನ ಗುಂಪುಗಳಲ್ಲಿರುತ್ತವೆ. ಕಾರು ಕೊಂಡ ಮೇಲೆ ಕೋಟ್ ತೆಗೆಯಬೇಡಿ, ಕೋಟ್ ತೆಗೆದು ಕಾರು ಕೊಳ್ಳಿ. ಗೆಳೆಯರ ಮಾತು ಕೇಳಿ ಅಲಾಯ್ ವೀಲ್, ದೊಡ್ಡ ಎಕ್ಸಾಸ್ಟ್ ಹಾಕಿಸಿದರೆ ಅದನ್ನೂ ಕಂಪನಿಗೆ ಹೇಳಬೇಕು, ಹೇಳಿದರೆ ದರ ಏರಬಹುದು. ಸುಮ್ನೆ ಇದ್ದುದನ್ನು ಇದ್ದ ಹಾಗೆ ಓಡಿಸಲಿ.

ಥರ್ಡ್ ಪಾರ್ಟಿ ಮಾತ್ರ ಮಾಡಿಸಿದರೆ ಅಗ್ಗ ಅಂತ ಅಂದುಕೊಳ್ಳುವುದೂ ಊರಿನ ಅಭ್ಯಾಸವೇ. ಇಲ್ಲಿ ಬಹಳ ಸಲ ಕಾಂಪ್ರಹೆನ್ಸಿವ್ ದರವೇ ಕಡಿಮೆ ಬರುತ್ತದೆ. ಜಾಸ್ತಿ ಅಪಾಯದ ಚಾಲಕರೇ ಥರ್ಡ್ ಪಾರ್ಟಿ ಆರಿಸುವುದರಿಂದ ಅದರ ದರ ಏರಿದೆ. ಎರಡನ್ನೂ ಕೇಳಿ ನೋಡಿ. ಪಾಲಿಸಿ ಶುರುವಾಗುವ ಮೂರು ನಾಲ್ಕು ವಾರ ಮುಂಚೆ ಹುಡುಕಿ, ಹಿಂದಿನ ರಾತ್ರಿಗೆ ಬಿಡಬೇಡಿ. ತಿಂಗಳ ಕಂತು ಅಂದರೆ ಹೆಚ್ಚಿನ ಕಡೆ ಬಡ್ಡಿ ಸಾಲ, ಆಗುವುದಾದರೆ ಒಟ್ಟಿಗೆ ಕಟ್ಟಿಬಿಡಿ. ಕಲಿಯುವಾಗ ಮನೆ ಕಾರಿನಲ್ಲಿ ಅಭ್ಯಾಸ ಮಾಡಿಸುವುದಾದರೆ ಲರ್ನರ್ ಪಾಲಿಸಿ ಅಂತ ಬೇರೆಯೇ ಸಿಗುತ್ತದೆ. ಅದರಲ್ಲಿ ಕ್ಲೇಮ್ ಆದರೂ ಸಾಮಾನ್ಯವಾಗಿ ನಿಮ್ಮ ಬೋನಸ್‌ಗೆ ಪೆಟ್ಟಿಲ್ಲ.

ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ನಲ್ಲಿ "ಅರ್ಧ ದರಕ್ಕೆ ಮಾಡಿಸಿಕೊಡುತ್ತೇವೆ" ಅನ್ನುವವರ ಹತ್ತಿರ ಮಕ್ಕಳನ್ನು ಬಿಡಬೇಡಿ. ಅವರು ಕೊಡುವುದು ನಕಲಿ ಕಾಗದ, ಇಲ್ಲವೇ ವಯಸ್ಸು, ವಿಳಾಸ ಸುಳ್ಳು ಹಾಕಿ ಮಾಡಿಸಿದ ಪಾಲಿಸಿ. ದುಡ್ಡು ಕಳೆದುಕೊಂಡ ಹುಡುಗನೇ ರಸ್ತೆಯಲ್ಲಿ ಇನ್ಶೂರೆನ್ಸ್ ಇಲ್ಲದವನಾಗಿ ಸಿಕ್ಕಿಬೀಳುತ್ತಾನೆ. ಊಟದ ಡೆಲಿವರಿ ಕೆಲಸ ಮಾಡುವ ಮಕ್ಕಳಿಗೂ ಒಂದು ಮಾತು: ಸಾಮಾನ್ಯ ಪಾಲಿಸಿ ಅದಕ್ಕೆ ಆಗುವುದಿಲ್ಲ, ಬಾಡಿಗೆ ಸಾಗಾಟದ ಪಾಲಿಸಿ ಬೇರೆ ಬೇಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನೆಂಟರಿರುವವರು ಅಲ್ಲಿನ ಪದ್ಧತಿ ಕೇಳಿ ನೋಡಿ. ಮೊದಲ ಹಂತದ ಲೈಸೆನ್ಸಿನಲ್ಲಿ, 25ರ ಒಳಗಿನವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ 21ರ ಒಳಗಿನ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬಹುದು. ಉತ್ತರ ಐರ್ಲೆಂಡಿನಲ್ಲಿ ಪಾಸಾದವರು ಒಂದು ವರ್ಷ, ಹೊಸ ಚಾಲಕ ಅಂತ ತೋರಿಸುವ ಆರ್ ಪ್ಲೇಟ್ ಹಾಕಿಕೊಂಡು 45 ಮೈಲಿ ದಾಟದಂತೆ ಓಡಿಸಬೇಕು ಅನ್ನುವ ನಿಯಮವನ್ನು ಬಹಳ ಹಿಂದೆಯೇ ತಂದಿದ್ದರು. ರಾತ್ರಿ ಮತ್ತು ಗೆಳೆಯರು, ಈ ಎರಡಕ್ಕೆ ಮೊದಲ ವರ್ಷ ಕಡಿವಾಣ ಹಾಕಿದರೆ ಮಕ್ಕಳ ಜೀವ ಉಳಿಯುತ್ತದೆ, ದರವೂ ಇಳಿಯುತ್ತದೆ ಅಂತ ನಾನು ನಂಬಿದ್ದೇನೆ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ, ಮನೆಯಲ್ಲೇ ಆ ನಿಯಮ ಮಾಡಬಹುದು.

ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳುತ್ತೇನೆ. ಮಗಳು ಯೂನಿವರ್ಸಿಟಿಗೆ ಕಾರು ತೆಗೆದುಕೊಂಡು ಹೋದರೆ ಯಾವ ವಿಳಾಸ ಕೊಡಬೇಕು ಅಂತ ಒಬ್ಬರು ಕೇಳಿದರು. ರಾತ್ರಿ ಕಾರು ಹೆಚ್ಚಾಗಿ ಎಲ್ಲಿ ನಿಲ್ಲುತ್ತದೋ ಆ ವಿಳಾಸ. ಟರ್ಮ್ ಪೂರ್ತಿ ಅಲ್ಲಿ, ರಜೆಗೆ ಇಲ್ಲಿ ಅಂತಾದರೆ ಎರಡನ್ನೂ ಕಂಪನಿಗೆ ಹೇಳಿ. ಮನೆಯ ಪೋಸ್ಟ್‌ಕೋಡ್ ಅಗ್ಗ ಅಂತ ಅದೊಂದನ್ನೇ ಕೊಟ್ಟರೆ ಫ್ರಂಟಿಂಗ್ ಹಾಗೇ ಅದೂ ಸುಳ್ಳು ಮಾಹಿತಿ.

ಇನ್ನೊಂದು ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಬೇಸಿಗೆ ರಜೆಗೆ ಮೈಸೂರಿಗೆ ಹೋದಾಗ ಮಗ ತನ್ನ ಇಲ್ಲಿನ ಲೈಸೆನ್ಸಿನಲ್ಲಿ ಸೋದರಮಾವನ ಕಾರು ಓಡಿಸಬಹುದಾ? ಅಲ್ಲಿ ಇನ್ಶೂರೆನ್ಸ್ ಗಾಡಿಗೆ ಇರುತ್ತದೆ ಅಂತ ನಾನೇ ಹೇಳಿದೆ. ಆದರೆ ಅವನಿಗೆ ಎಷ್ಟು ವಯಸ್ಸು? 17 ಅಂದರೆ ಖಂಡಿತ ಬೇಡ. ಭಾರತದಲ್ಲಿ ಕಾರು ಓಡಿಸಲು 18 ತುಂಬಿರಬೇಕು, ಬ್ರಿಟನ್ನಿನ ಪೂರ್ತಿ ಲೈಸೆನ್ಸ್ ಇದ್ದರೂ ವಯಸ್ಸಿನ ನಿಯಮ ಬದಲಾಗುವುದಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಅಪಘಾತವಾದರೆ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು ಮಾಲೀಕರಿಂದ ವಸೂಲಿ ಮಾಡಲು ಕೋರ್ಟು ಹೇಳಬಹುದು. ಆ ಮಾಲೀಕರು ನಿಮ್ಮ ಭಾವಮೈದುನ. 18 ತುಂಬಿದ ಮಕ್ಕಳಾದರೆ ಹೊರಡುವ ಮುಂಚೆ ಇಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಲಿ, 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ನಮೂನೆಯದ್ದು.